ಹುತ್ತರಿಗೆ ಕೈಯಾರೆ ಉಡುಗೊರೆ: 15 ಮಂದಿ, 1,500 ರೂಪಾಯಿ

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಮೂರು ಎಕರೆ ಕಾಫಿ ತೋಟ, ಅದರೊಳಗೆ ಕಾಳುಮೆಣಸು, ಮನೆ ಹಿಂದೆ ನಾಲ್ಕು ಕಿತ್ತಳೆ ಮರ ಇದೆ. ಹೊಸ ಭತ್ತದ ಹಬ್ಬ ಹುತ್ತರಿಗೆ ಎಲ್ಲರೂ ನಮ್ಮಲ್ಲಿ ಸೇರುತ್ತಾರೆ. ನಮ್ಮ ಜೊತೆಗೇ ಇರುವ ಅತ್ತೆ ಮಾವ, ಇಬ್ಬರು ನಾದಿನಿಯರು ಮತ್ತು ಅವರ ಗಂಡಂದಿರು, ಭಾವ, ಅಕ್ಕ, ಮೂವರು ಮಕ್ಕಳು, ಬೆಂಗಳೂರಿನಿಂದ ಬರುವ ನನ್ನ ನಾಲ್ವರು ಗೆಳತಿಯರು. ಒಟ್ಟು 15 ಮಂದಿ. ಕಾಫಿ ಮಾರಿದ ದುಡ್ಡು ಕೈಗೆ ಬರುವುದು ಮಾರ್ಚ್ ಹೊತ್ತಿಗೆ. ಈಗ 1,500 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಏನಾದರೂ ಕೈಯಲ್ಲೇ ಮಾಡಿ ಕೊಡೋಣ ಅಂದುಕೊಂಡಿದ್ದೇನೆ. ಚಿತ್ರ ಬರೆಯಲು ಬರುವುದಿಲ್ಲ, ಹೊಲಿಗೆಯೂ ಅಷ್ಟಕ್ಕಷ್ಟೇ. ಇನ್ನು ಆರು ವಾರ ಇದೆ. ಏನು ಮಾಡಲಿ? ಮನೆಯಲ್ಲಿ ಮಾಡಿದ್ದು ಕೊಟ್ಟರೆ ಜಿಪುಣಿ ಅಂದುಕೊಳ್ಳುವುದಿಲ್ವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆ ಅಳುಕು ಇಟ್ಟುಕೊಂಡು ಏನು ಮಾಡಿದರೂ ಕೊಡುವಾಗ ಕೈ ಹಿಂದೆ ಸರಿಯುತ್ತದೆ.

ಕೊಡಗಿನಲ್ಲಿ ನೆಂಟರ ಮನೆಗೆ ಹೋದವರು ಬರಿಗೈಲಿ ವಾಪಸ್ ಬಂದದ್ದುಂಟಾ? ಹೊರಡುವ ಹೊತ್ತಿಗೆ ಜೀಪಿನ ಹಿಂದೆ ಒಂದು ಬಾಳೆಗೊನೆ, ಒಂದು ಚೀಲ ಕಿತ್ತಳೆ, ಪೇಪರಿನಲ್ಲಿ ಸುತ್ತಿದ ಕಾಫಿ ಪುಡಿ ಬಂದು ಕೂತಿರುತ್ತದೆ. ಅದರ ಬೆಲೆ ಎಷ್ಟು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಜಿಪುಣತನ ಕಾಣುವುದು ಸಾಮಾನಿನಲ್ಲಿ ಅಲ್ಲ, ಕೊಡುವವರ ಮಾತಿನಲ್ಲಿ. "ಏನಿಲ್ಲ, ಸುಮ್ನೆ ಮನೇಲಿ ಮಾಡಿದ್ದು, ಈ ಸಲ ಸ್ವಲ್ಪ ಕಷ್ಟ" ಅಂತ ರಾಗ ಎಳೆದರೆ ಬೆಳ್ಳಿ ಬಟ್ಟಲು ಕೊಟ್ಟರೂ ಅಗ್ಗವಾಗಿಯೇ ಕಾಣುತ್ತದೆ. ಅದರ ಬದಲು "ಇದನ್ನು ಕೋಳಿ ಸಾರಿಗೆ ಕೊನೇಲಿ ಹಾಕು, ಮುಚ್ಚಳ ಗಟ್ಟಿ ಮುಚ್ಚಿಡು" ಅಂತ ಹೇಳಿ ಕೊಡಿ. ಅಷ್ಟೇ ಸಾಕು.

ಎರಡನೆಯದು ದುಡ್ಡಿನ ಮಾತು. ನಾನು 18 ವರ್ಷಗಳಿಂದ ಮಹಿಳಾ ಸಂಘಗಳಿಗೆ ಜಾಮ್, ಉಪ್ಪಿನಕಾಯಿ, ಮಸಾಲೆ ಪುಡಿ, ಮೇಣದ ಸಾಮಾನು ಮಾಡುವುದನ್ನು ಕಲಿಸುತ್ತಾ ಬಂದಿದ್ದೇನೆ. ಮೊದಲ ವರ್ಷ ನನಗೂ ಬುದ್ಧಿ ಇರಲಿಲ್ಲ. ಸೋಪು ಮಾಡಿ ಎಲ್ಲರಿಗೂ ಕೊಡುತ್ತೇನೆ ಅಂತ ಹೊರಟೆ. ಸಿಲಿಕೋನ್ ಅಚ್ಚು, ಸುವಾಸನೆ ಎಣ್ಣೆ, ಬಣ್ಣ, ಮಿಂಚುವ ಕಾಗದ, ರಿಬ್ಬನ್ನು, ಒಂದೊಂದಾಗಿ ತಂದೆ. ಕೊನೆಗೆ ಲೆಕ್ಕ ಹಾಕಿದರೆ ಒಂದು ಸೋಪಿಗೆ ಬಿದ್ದ ಖರ್ಚಿನಲ್ಲಿ ಅಂಗಡಿಯ ಮೂರು ಒಳ್ಳೆ ಸೋಪು ಬರುತ್ತಿತ್ತು. ಸಾಲದ್ದಕ್ಕೆ ಮಡಿಕೇರಿಯ ಜುಲೈ ಮಳೆಗೆ ಆ ಸೋಪುಗಳೆಲ್ಲ ಬೆವರಿ, ರಿಬ್ಬನ್ನಿಗೆ ಬೂಷ್ಟು ಹಿಡಿಯಿತು.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ಕೈಯಲ್ಲಿ ಮಾಡಿದ ಉಡುಗೊರೆಯಲ್ಲಿ ದುಡ್ಡು ತಿನ್ನುವುದು ಒಳಗಿನ ಸಾಮಾನಲ್ಲ, ಹೊರಗಿನ ಸಿಂಗಾರ. ಜೊತೆಗೆ, ಹದಿನೈದು ಮಂದಿಗೆ ಹದಿನೈದು ಬಗೆ ಮಾಡಲು ಹೋದರೆ ಪ್ರತಿಯೊಂದಕ್ಕೂ ಬೇರೆ ಸಾಮಾನು, ಪ್ರತಿಯೊಂದರಲ್ಲೂ ಸ್ವಲ್ಪ ಹಾಳು. ಒಂದೆರಡು ಬಗೆ ಆರಿಸಿಕೊಂಡು ಎಲ್ಲರಿಗೂ ಅದನ್ನೇ ಮಾಡಿ. ಎಂಟನೆಯ ಬಾಟಲಿ ತುಂಬುವ ಹೊತ್ತಿಗೆ ಕೈಗೆ ಹದ ಬಂದಿರುತ್ತದೆ. ಇನ್ನೊಂದು, ತಿಂದು ಅಥವಾ ಬಳಸಿ ಮುಗಿಯುವ ವಸ್ತುವನ್ನೇ ಕೊಡಿ. ಶೋಕೇಸಿನಲ್ಲಿ ಇಡುವ ವಸ್ತುವಿಗೆ ಧೂಳು ಒರೆಸುವ ಕೆಲಸ ಕೊಟ್ಟ ಹಾಗಾಗುತ್ತದೆ.

ಈಗ ನಿಮ್ಮ ಪಟ್ಟಿ ನೋಡೋಣ. ನೀವು ತಲೆ ಎಣಿಸಿದ್ದೀರಿ. ಮನೆ ಎಣಿಸಿ. ಇಬ್ಬರು ನಾದಿನಿಯರದ್ದು ಎರಡು ಮನೆ, ಭಾವನದ್ದು ಒಂದು, ಗೆಳತಿಯರದ್ದು ನಾಲ್ಕು. ಒಟ್ಟು ಏಳು. ಅಡುಗೆಮನೆಗೆ ಹೋಗುವ ಉಡುಗೊರೆ ಏಳು ಇದ್ದರೆ ಸಾಕು. ಅತ್ತೆ ಮಾವನಿಗೆ ಬೇರೆ, ಮಕ್ಕಳಿಗೆ ಬೇರೆ. ಈಗ ಅರ್ಧ ಭಾರ ಇಳಿಯಿತು ಅಲ್ವಾ?

ಏಳು ಮನೆಗೆ ನಾನು ಹೇಳುವುದು ಹುರಿದ ಕಪ್ಪು ಮಸಾಲೆ ಪುಡಿ, ಜೊತೆಗೆ ಒಂದು ಪುಟ್ಟ ಬಾಟಲಿ ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ಕಪ್ಪು ಹುಳಿ ರಸ. ಇಲ್ಲಿಯ ಪಂದಿಕರಿಯ ಬಣ್ಣ, ರುಚಿ ಎರಡೂ ಇವೆರಡರಿಂದಲೇ ಬರುವುದು. ಬೆಂಗಳೂರಿನಲ್ಲಿ ಕೂತವರಿಗೆ ಮನೆಯ ಹದದ ಪುಡಿ ಸಿಗುವುದು ಕಷ್ಟ. ಹಂದಿ ತಿನ್ನದವರು ಇದೇ ಪುಡಿಯನ್ನು ಕೋಳಿಗೆ, ಅಣಬೆಗೆ, ಎಳೆ ಹಲಸಿನಕಾಯಿಗೆ ಹಾಕಬಹುದು. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಅಂತ ನೋಡಿಕೊಂಡು ಚೀಟಿ ಬರೆಯಿರಿ. ಪುಡಿ ಮಾತ್ರ ಒಂದೇ.

ಅಳತೆ ಹೀಗೆ: 500 ಗ್ರಾಂ ಕೊತ್ತಂಬರಿ ಬೀಜ, 125 ಗ್ರಾಂ ಜೀರಿಗೆ, 125 ಗ್ರಾಂ ಕಾಳುಮೆಣಸು, 50 ಗ್ರಾಂ ಸಾಸಿವೆ, ಎರಡು ಚಿಕ್ಕ ಚಮಚ ಮೆಂತ್ಯ. ಕಾಳುಮೆಣಸು ನಿಮ್ಮ ಮನೆಯದೇ ಇದೆ. ದುಬಾರಿ ಸಾಮಾನು ಅದೊಂದೇ ಆಗಿತ್ತು. ಹುರಿದು ಪುಡಿ ಮಾಡಿದರೆ 750 ಗ್ರಾಂ ಹತ್ತಿರ ಸಿಗುತ್ತದೆ. ಏಳು ಮನೆಗೆ ನೂರು ನೂರು ಗ್ರಾಂ, ಉಳಿದದ್ದು ನಿಮ್ಮ ಒಲೆಗೆ.

ಹುರಿಯುವುದರಲ್ಲೇ ಎಲ್ಲ ಇರುವುದು. ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಎಲ್ಲ ಒಟ್ಟಿಗೆ ಸುರಿದರೆ ಕೊತ್ತಂಬರಿ ಹದಕ್ಕೆ ಬರುವ ಮೊದಲೇ ಜೀರಿಗೆ ಕರಕಲು. ಕೊತ್ತಂಬರಿ ಮೊದಲು ಹಸಿ ವಾಸನೆ ಬಿಡುತ್ತದೆ, ಆಮೇಲೆ ಘಮ ಅನ್ನುತ್ತದೆ. ಸಾರಿನ ಪುಡಿಗಾದರೆ ಅಲ್ಲೇ ಇಳಿಸುತ್ತೇವೆ. ಇದಕ್ಕೆ ಇಳಿಸಬೇಡಿ. ಕೈ ನಿಲ್ಲಿಸದೆ ಇನ್ನೂ ಹುರಿಯಿರಿ. ಚಿನ್ನದ ಬಣ್ಣ ಹೋಗಿ ಹುರಿದ ಕಾಫಿ ಬೀಜದ ಬಣ್ಣ ಬರಬೇಕು, ತೆಳುವಾಗಿ ಹೊಗೆ ಏಳಬೇಕು. ನಾಲ್ಕು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ, ಪಟ್ ಅಂತ ಒಡೆದು ಒಳಗೂ ಕಂದು ಇರಬೇಕು. ಕಪ್ಪಾಗಿ ಕಹಿ ಹೊಗೆ ಬಂದರೆ ಹೋಯಿತು, ಅದನ್ನು ಉಳಿಸಿಕೊಳ್ಳಲು ಹೋಗಬೇಡಿ. ಮೆಂತ್ಯ ಕೆಂಪಾದ ಕೂಡಲೇ ಇಳಿಸಿ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಹಿಯಾಗುತ್ತದೆ. ಸಾಸಿವೆ ಸಿಡಿದು ನಿಂತರೆ ಆಯಿತು. ಇಳಿಸಿದ್ದನ್ನು ಬಾಣಲೆಯಲ್ಲೇ ಬಿಡಬೇಡಿ. ಬಾಣಲೆಯ ಬಿಸಿ ಹುರಿಯುತ್ತಲೇ ಇರುತ್ತದೆ. ತಟ್ಟೆಗೆ ಹರಡಿ.

ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಮಿಲ್ಲಿಗೆ ಕೊಡಬೇಡಿ. ನಿಮಗಿಂತ ಮುಂಚೆ ಬಂದವರ ಖಾರದ ಪುಡಿ ಸೇರಿಕೊಂಡರೆ ಈ ಘಮ ಸತ್ತಿತು. ಪುಡಿ ಮಾಡಿದ ತಕ್ಷಣ ಬಾಟಲಿಗೂ ತುಂಬಬೇಡಿ. ಮಿಕ್ಸಿಯ ಬಿಸಿಗೆ ಪುಡಿ ಬೆಚ್ಚಗಿರುತ್ತದೆ, ಮುಚ್ಚಿದರೆ ಒಳಗೆ ಹಬೆ ನಿಂತು ಗಂಟು ಕಟ್ಟುತ್ತದೆ. ಒಂದೆರಡು ಗಂಟೆ ಪೇಪರಿನ ಮೇಲೆ ಹರಡಿಟ್ಟು ಆಮೇಲೆ ತುಂಬಿ. ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಮಾಡಿ, ಈಗಲೇ ಬೇಡ.

ಇನ್ನು ಕಾಚಂಪುಳಿ. ಮಲೆನಾಡಿನ ಕಡೆ ಉಪ್ಪಾಗೆ ಅನ್ನುತ್ತಾರಲ್ಲ, ಆ ಹಣ್ಣಿನ ರಸ. ಹಣ್ಣು ಬೀಳುವುದು ಮಳೆಗಾಲದಲ್ಲಿ. ರಾಶಿ ಹಾಕಿ ಕೊಳೆಯಲು ಬಿಟ್ಟು, ತೊಟ್ಟಿಕ್ಕಿದ ರಸವನ್ನು ಹಿಡಿದು, ಕಪ್ಪಾಗಿ ಮಂದವಾಗುವವರೆಗೆ ಗಂಟೆಗಟ್ಟಲೆ ಕುದಿಸಬೇಕು. ಈ ವರ್ಷದ ಕಾಲ ಮುಗಿದಿದೆ. ಅದನ್ನು ನೀವು ಮಾಡಬೇಕಾಗಿಯೂ ಇಲ್ಲ. ಗುರುತಿನವರ ಮನೆಯಿಂದ ಒಂದು ಬಾಟಲಿ ತಂದು ಹಂಚಿ. ವರ್ಷಗಟ್ಟಲೆ ಕೆಡದ ವಸ್ತು ಅದು. ಒಂದು ಮನೆಗೆ 30 ಮಿಲಿ ಸಾಕು, ಏಳು ಮನೆಗೆ 210 ಮಿಲಿ. ಜಿಪುಣತನ ಅಲ್ಲ ಇದು. ಒಂದು ಕಿಲೋ ಮಾಂಸಕ್ಕೆ ಎರಡು ಚಿಕ್ಕ ಚಮಚ ಹಿಡಿಯುತ್ತದೆ, 30 ಮಿಲಿಯಲ್ಲಿ ಮೂರು ಸಲ ಅಡುಗೆ ಆಗುತ್ತದೆ.

ಹೊರಗಿನ ಸಿಂಗಾರಕ್ಕೇ ದುಡ್ಡು ಹೋಗುತ್ತದೆ ಅಂದೆನಲ್ಲ, ಬಾಟಲಿಯೂ ಅದರಲ್ಲೇ ಸೇರಿತು. ಕಾಚಂಪುಳಿಗೆ ಹೋಮಿಯೋಪತಿ ಔಷಧಿ ಹಾಕಿಕೊಡುವ 30 ಮಿಲಿ ಗಾಜಿನ ಬಾಟಲಿ ಕೇಳಿ ತನ್ನಿ. ಹೊಸದೇ ತನ್ನಿ, ಬಳಸಿದ್ದು ಬೇಡ. ಮುಚ್ಚಳ ಪ್ಲಾಸ್ಟಿಕ್ಕಿನದೇ ಇರಲಿ. ಈ ಹುಳಿ ತಗಡಿನ ಮುಚ್ಚಳವನ್ನು ತಿಂದುಹಾಕುತ್ತದೆ. ಮಸಾಲೆಗೆ ಮಾತ್ರ ಮನೆಯಲ್ಲಿರುವ ಹಳೆ ಜಾಮ್ ಬಾಟಲಿಗಳೇ ಸಾಕು. ನೂರು ಗ್ರಾಂ ಪುಡಿಗೆ 250 ಮಿಲಿ ಅಳತೆಯ ಬಾಟಲಿ ಬೇಕಾಗುತ್ತದೆ. ಉಪ್ಪಿನಕಾಯಿ ಇದ್ದ ಬಾಟಲಿ ಬಿಟ್ಟುಬಿಡಿ, ಅದರ ಮುಚ್ಚಳದ ವಾಸನೆ ಹೋಗುವುದಿಲ್ಲ. ಬೇರೆ ವಾಸನೆ ಇದ್ದರೆ ತೊಳೆದು ಒಣಗಿಸಿ, ಎರಡು ಚಮಚ ಕಾಫಿ ಪುಡಿ ಹಾಕಿ ಮುಚ್ಚಿ ಎರಡು ದಿನ ಇಡಿ. ಕಾಫಿ ಬೆಳೆಯುವವರಿಗೆ ಇಷ್ಟಾದರೂ ಅನುಕೂಲ ಬೇಡವಾ!

ಮುಚ್ಚಳದ ಮೇಲೆ ಹಳೆ ಹತ್ತಿ ಸೀರೆಯ ಒಂದು ಗೇಣು ತುಂಡು ಇಟ್ಟು ಬಾಳೆನಾರಿನಲ್ಲಿ ಕಟ್ಟಿ. ಬಾಳೆನಾರು ಅಂದರೆ ಏನೂ ಕಷ್ಟವಿಲ್ಲ. ಗೊನೆ ಕಡಿದ ಬಾಳೆಯ ಒಣಗಿದ ಪಟ್ಟೆ ಮರದಲ್ಲೇ ನೇತಾಡುತ್ತಿರುತ್ತದೆ. ಅದನ್ನು ಸೀಳಿ, ನೀರಲ್ಲಿ ಹತ್ತು ನಿಮಿಷ ನೆನೆಸಿದರೆ ದಾರದ ಹಾಗೆ ಬಗ್ಗುತ್ತದೆ. ಚೀಟಿಗೆ ಬಿಳಿ ಹಾಳೆಯನ್ನು ತಣ್ಣಗಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ಇಸ್ತ್ರಿ ಹಾಕಿ. ಹಳೆ ಪತ್ರದ ಬಣ್ಣ ಬರುತ್ತದೆ. ಅದರ ಮೇಲೆ ಕೈಬರಹದಲ್ಲಿ ಬರೆಯಿರಿ: "1 ಕಿಲೋ ಮಾಂಸಕ್ಕೆ ಮೂರು ದೊಡ್ಡ ಚಮಚ ಪುಡಿ, ಎರಡು ಚಿಕ್ಕ ಚಮಚ ಕಾಚಂಪುಳಿ. ಮಾಂಸ ಬೆಂದ ಮೇಲೆ ಎರಡನ್ನೂ ಕೊನೆಗೆ ಹಾಕಿ." ಮಾಡಿದ ತಾರೀಖು ಹಾಕಿ. ಕೆಲವರು ಹುತ್ತರಿಯ ನೆನಪಿಗೆ ಒಂದು ಭತ್ತದ ತೆನೆ ಸಿಕ್ಕಿಸುತ್ತಾರೆ, ಚೆನ್ನಾಗಿ ಕಾಣುತ್ತದೆ. ಆದರೆ ತೆನೆಯನ್ನು ಗದ್ದೆಯಿಂದ ಬೇರೆಯಾಗಿ ತನ್ನಿ. ಪೂಜೆ ಮಾಡಿ ಮನೆಗೆ ತಂದ ಕದಿರಿಗೆ ಕೈ ಹಾಕಬೇಡಿ, ಅತ್ತೆಯ ಹತ್ತಿರ ಬೈಸಿಕೊಳ್ಳುತ್ತೀರಿ.

ಕಾಫಿ ಪುಡಿಯನ್ನೇ ಕೊಡಬಾರದಾ ಅಂತ ಕೇಳುತ್ತೀರಿ. ಕೊಡಬಹುದು, ಗೆಳತಿಯರಿಗೆ ಖುಷಿಯಾಗುತ್ತದೆ. ಆದರೆ ಪುಡಿ ಮಾಡಿದ ಕಾಫಿಯ ಪರಿಮಳ ಎರಡು ಮೂರು ವಾರಕ್ಕೆ ಇಳಿದುಬಿಡುತ್ತದೆ, ಅವರು ಬರುವ ಹಿಂದಿನ ದಿನ ಪುಡಿ ಮಾಡಿಸಿ. ನಾದಿನಿಯರಿಗೆ, ಭಾವನಿಗೆ ಅದು ಬೇಡ, ಅವರ ಮನೆಯಲ್ಲೂ ಕಾಫಿ ಇರುತ್ತದೆ. ಮನೆ ವೈನಿನ ಯೋಚನೆ ಇದ್ದರೆ ಈ ಸಲ ಬಿಡಿ. ಆರು ವಾರದ ವೈನು ಕುಡಿದವರು ಮುಂದಿನ ವರ್ಷ ಬರುವುದಿಲ್ಲ.

ಎರಡನೆಯ ವಸ್ತು ಜೇನುಮೇಣದ ಮುಲಾಮು. ಡಿಸೆಂಬರಿನ ಚಳಿಗೆ ತುಟಿ ಒಡೆಯದವರು, ಹಿಮ್ಮಡಿ ಬಿರಿಯದವರು ನಮ್ಮಲ್ಲಿ ಯಾರಿದ್ದಾರೆ? ಅತ್ತೆಗೂ ಮಾವನಿಗೂ ಇದು ಬೇಕೇ ಬೇಕು. ಜೇನು ಸಾಕುವವರ ಹತ್ತಿರ ಹಿಂಡಿದ ಎರಿ ಕೇಳಿ, ಕಡಿಮೆಗೇ ಕೊಡುತ್ತಾರೆ. ಅದನ್ನು ಶುದ್ಧ ಮಾಡುವುದು ಸುಲಭ. ಹಳೆ ಪಾತ್ರೆಯಲ್ಲಿ ನೀರು ಬಿಸಿ ಮಾಡಿ ಎರಿ ಹಾಕಿ. ಮೇಣ 62ರಿಂದ 65 ಡಿಗ್ರಿಗೆ ಕರಗುತ್ತದೆ, ನೀರು ಕುದಿಯುವುದೇ ಬೇಡ. ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ನೀರಿನ ಮೇಲೆ ಹಳದಿ ಬಿಲ್ಲೆ ತೇಲುತ್ತಿರುತ್ತದೆ. ಅಡಿಯ ಕಸ ಕೆರೆದು ತೆಗೆಯಿರಿ, ಬೇಕಾದರೆ ಇನ್ನೊಂದು ಸಲ ಕರಗಿಸಿ. ಆಮೇಲೆ ಪೂರ್ತಿ ಒಣಗಿಸಿ. ಒಳ್ಳೆ ಪಾತ್ರೆ ಇದಕ್ಕೆ ಕೊಡಬೇಡಿ. ಮೇಣ ಹತ್ತಿದ ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲ, ನನ್ನ ಹಾಲಿನ ಪಾತ್ರೆಯೊಂದು ಹೀಗೇ ಹೋಯಿತು.

ಮೇಣಕ್ಕೆ ಕೊಬ್ಬರಿ ಎಣ್ಣೆ ಸೇರಿಸುವ ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ತಾನೇ ಗಟ್ಟಿಯಾಗುತ್ತದೆ. ನಿಮ್ಮ ಬಚ್ಚಲುಮನೆಯ ಬಾಟಲಿಯಲ್ಲಿ ದಿನಾ ಬೆಳಗ್ಗೆ ನೋಡುತ್ತೀರಿ. ಹಾಗಾಗಿ ಇಲ್ಲಿ ಚಳಿಗಾಲಕ್ಕೆ ಮೇಣ ಜಾಸ್ತಿ ಹಾಕಿದರೆ ಮುಲಾಮು ಕಲ್ಲಿನಂತಾಗಿ ಬೆರಳಿಗೆ ಬರುವುದೇ ಇಲ್ಲ. ಇಲ್ಲಿಗೆ ಹೊಂದುವ ಕಡಿಮೆ ಮೇಣದ ಅಳತೆ ಬೆಂಗಳೂರಿನ ಏಪ್ರಿಲ್ಲಿಗೆ ಹೋದರೆ ಬ್ಯಾಗಿನಲ್ಲಿ ಮೆತ್ತಗಾಗಿಬಿಡುತ್ತದೆ. ಎರಡು ಸಲ ಮಾಡಿ. ಊರಿನವರಿಗೆ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಣ್ಣೆ, ಅಂದರೆ 12 ಗ್ರಾಂ ಮೇಣ, 48 ಗ್ರಾಂ ಎಣ್ಣೆ. ಗೆಳತಿಯರಿಗೆ ಒಂದಕ್ಕೆ ಮೂರು, 15 ಗ್ರಾಂ ಮೇಣ, 45 ಗ್ರಾಂ ಎಣ್ಣೆ. ಒಂದೊಂದರಲ್ಲೂ 15 ಗ್ರಾಮಿನ ನಾಲ್ಕು ಡಬ್ಬಿ ಬರುತ್ತದೆ. ಗೆಳತಿಯರಿಗೆ ನಾಲ್ಕು. ಇಲ್ಲಿ ಇಬ್ಬರು ನಾದಿನಿಯರು, ಅಕ್ಕ, ಅತ್ತೆ. ಅತ್ತೆಯದನ್ನು ಮಾವ ಕದ್ದು ಹಚ್ಚಿಕೊಳ್ಳುತ್ತಾರೆ ಬಿಡಿ.

ಅಗಲ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಕರಗಿಸಿ. ನೇರ ಉರಿಗೆ ಇಡಲೇಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಕರಗಿದ ಮೇಲೆ ತಣ್ಣನೆಯ ಸ್ಟೀಲ್ ಚಮಚದ ಬೆನ್ನ ಮೇಲೆ ಒಂದು ಹನಿ ಬಿಟ್ಟು ಎರಡು ನಿಮಿಷ ಕಾಯಿರಿ. ಬೆರಳಿಟ್ಟು ಉಜ್ಜಿದರೆ ಮೆಲ್ಲಗೆ ಜಾರಬೇಕು. ಬಿರುಸು ಅನ್ನಿಸಿದರೆ ಒಂದು ಚಮಚ ಎಣ್ಣೆ, ತೀರಾ ಮೆತ್ತಗಿದ್ದರೆ ಚೂರು ಮೇಣ. ನಿಂಬೆರಸ, ಜೇನುತುಪ್ಪ, ಅಲೋವೆರಾ ಅಂತ ಏನೇನೋ ಸೇರಿಸುವವರಿದ್ದಾರೆ. ಬೇಡ. ಇದರಲ್ಲಿ ನೀರಿನ ಅಂಶ ಸೇರಿತೋ ಬೂಷ್ಟು ಬಂತು. ಎಣ್ಣೆ, ಮೇಣ, ಎರಡೇ. ಇದನ್ನು ಈ ವಾರವೇ ಮಾಡಿಟ್ಟುಬಿಡಿ, ಕೆಡುವುದಿಲ್ಲ.

ಮಕ್ಕಳಿಗೆ ಏನು ಕೊಡುವುದು ಅನ್ನುವುದಕ್ಕಿಂತ ಅವರ ಕೈಯಲ್ಲಿ ಏನು ಮಾಡಿಸುವುದು ಅಂತ ಯೋಚಿಸಿ. ತೋಟದ ದಾರಿಯ ಬದಿಯಲ್ಲಿ, ಎಲೆಯ ಹಿಂಭಾಗದಲ್ಲಿ ಬಿಳಿ ಪುಡಿ ಇರುವ ಜರೀಗಿಡ ಬೆಳೆಯುತ್ತದೆ. ಸಣ್ಣವರಿದ್ದಾಗ ಅಂಗೈ ಹಿಂದೆ ಇಟ್ಟು ಪಟ್ಟನೆ ಹೊಡೆದು ಬಿಳಿ ಎಲೆಯ ಅಚ್ಚು ಮೂಡಿಸಿಕೊಂಡಿಲ್ವಾ? ಅದೇ ಗಿಡ. ಕಪ್ಪು ಡ್ರಾಯಿಂಗ್ ಹಾಳೆಯ ಮೇಲೆ ಎಲೆಯ ಬಿಳಿ ಬದಿ ಕೆಳಗೆ ಬರುವ ಹಾಗೆ ಇಟ್ಟು, ಮೇಲೊಂದು ಪೇಪರ್ ಇಟ್ಟು ಅಂಗೈಯಿಂದ ಒಂದೇ ಸಲ ಗಟ್ಟಿಯಾಗಿ ಒತ್ತಬೇಕು. ಎರಡನೇ ಸಲ ಒತ್ತಿದರೆ ಎಲೆ ಜರುಗಿ ಅಚ್ಚು ಕದಡುತ್ತದೆ. ಎಲೆ ಎತ್ತಿದಾಗ ಒಂದೊಂದು ಹಲ್ಲೂ ಬೆಳ್ಳಗೆ ಮೂಡಿರುತ್ತದೆ. ಪುಡಿ ಅಳಿಸಿಹೋಗದ ಹಾಗೆ ಮೇಲೆ ಪುಸ್ತಕಕ್ಕೆ ಹಾಕುವ ತೆಳು ಪ್ಲಾಸ್ಟಿಕ್ ಬೈಂಡು ಹಾಕಿ ಅಂಚಿಗೆ ಟೇಪು ಅಂಟಿಸಿ. ಒಂದು ಹಾಳೆಯಲ್ಲಿ ನಾಲ್ಕು ಕಾರ್ಡು. ಹಬ್ಬದ ಮಧ್ಯಾಹ್ನ ಮೂವರನ್ನೂ ಕೂರಿಸಿ ಮಾಡಿಸಿದರೆ ದೊಡ್ಡವರಿಗೆ ಎರಡು ಗಂಟೆ ಬಿಡುವು. ಆ ಕಾರ್ಡುಗಳನ್ನು ಅವರೇ ಅಜ್ಜ ಅಜ್ಜಿಗೆ ಕೊಡಲಿ.

ಸಿಲ್ವರ್ ಓಕ್ ಎಲೆಯೂ ಚೆನ್ನ, ಹಿಂಭಾಗ ಬೆಳ್ಳಿಯ ಹಾಗೆ ಇರುತ್ತದೆ. ಪುಸ್ತಕದೊಳಗೆ ಇಟ್ಟು ಒಣಗಿಸಲು ಹೋಗಬೇಡಿ, ನಮ್ಮ ಹವೆಗೆ ಎಲೆ ಒಣಗುವ ಮೊದಲು ಪುಸ್ತಕಕ್ಕೇ ಬೂಷ್ಟು. ಎರಡು ಪೇಪರ್ ನಡುವೆ ಇಟ್ಟು ಸಾಧಾರಣ ಬಿಸಿಯ ಇಸ್ತ್ರಿ ಪೆಟ್ಟಿಗೆ ಒತ್ತಿ.

ಮನೆ ಹಿಂದಿನ ಕಿತ್ತಳೆಯ ಮಾತು ಬಿಟ್ಟರೆ ಮರಕ್ಕೆ ಬೇಜಾರಾದೀತು. ನಿಮ್ಮ ಮರ ನಾಟಿ ಕೊಡಗಿನ ಕಿತ್ತಳೆಯಾದರೆ ನೀವು ಪುಣ್ಯವಂತರು. ಇಂಥ ಊರಿನದೇ ಬೆಳೆ ಅಂತ ಸರ್ಕಾರ ಕೊಡುವ ಜಿಐ ಗುರುತು ಸಿಕ್ಕ ತಳಿ ಅದು, ಮೊದಲಿನ ಹಾಗೆ ತೋಟ ತೋಟದಲ್ಲೂ ಈಗ ಕಾಣುವುದಿಲ್ಲ. ಸಿಪ್ಪೆ ಸಡಿಲ, ಹಣ್ಣಾದರೂ ಹಸಿರು ಛಾಯೆ ಉಳಿದಿರುತ್ತದೆ. ಹಣ್ಣನ್ನು ಮಕ್ಕಳು ತಿನ್ನಲಿ, ಸಿಪ್ಪೆ ನಿಮಗಿರಲಿ. ಉದ್ದುದ್ದ ಸೀಳಿ, ನೀರಲ್ಲಿ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ. ಹೀಗೆ ಮೂರು ಸಲ. ಕಹಿ ಹೋಗುವುದು ಇದರಿಂದಲೇ. ಆಮೇಲೆ ಸಿಪ್ಪೆಯ ತೂಕದಷ್ಟೇ ಸಕ್ಕರೆ, ಅದರ ಅರ್ಧದಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಸಿಪ್ಪೆ ಗಾಜಿನ ಹಾಗೆ ಬೆಳಕು ಬಿಡಲು ಶುರುವಾದಾಗ ತೆಗೆದು ಜಾಲರಿಯ ಮೇಲೆ ಒಂದು ದಿನ ಒಣಗಿಸಿ, ಸಕ್ಕರೆಯಲ್ಲಿ ಹೊರಳಿಸಿ. ಉಳಿದ ಪಾಕವನ್ನು ಎಸೆಯಬೇಡಿ, ಹಾಲು ಹಾಕದ ಬಿಸಿ ಕಟ್ಟಂಚಾಯಕ್ಕೆ ಒಂದು ಚಮಚ ಹಾಕಿ ನೋಡಿ.

ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಒಣಗಿಸಬೇಡಿ. ಬಿಸಿಲು ಬರಲಿಲ್ಲ ಅಂತ ನಾನೊಮ್ಮೆ ಹಾಗೆ ಮಾಡಿದೆ. ಮೈಸೂರಿನ ಗೆಳತಿ ಫೋನ್ ಮಾಡಿ, "ಕಿತ್ತಳೆ ಸಿಪ್ಪೆ ಚೆನ್ನಾಗಿದೆ ಕಣೇ, ಆದ್ರೆ ಇದಕ್ಕೆ ಒಣಗಿಸಿದ ಹಂದಿ ಮಾಂಸದ ವಾಸನೆ ಯಾಕೆ?" ಅಂದಳು. ಅವಳು ಶುದ್ಧ ಸಸ್ಯಾಹಾರಿ. ಆ ವಾಸನೆಯ ಗುರುತು ಹೇಗಿತ್ತು ಅಂತ ನಾನು ಇವತ್ತಿಗೂ ಕೇಳಿಲ್ಲ.

ಇದನ್ನು ಎಲ್ಲರಿಗೂ ಮಾಡಲು ಹೋಗಬೇಡಿ. ಭಾವನಿಗೋ ಅತ್ತೆಗೋ ಸಕ್ಕರೆ ಕಾಯಿಲೆ ಇದ್ದರೆ ಅವರ ಎದುರು ಸಿಹಿ ಡಬ್ಬಿ ಇಡುವುದೂ ಚೆನ್ನಲ್ಲ.

ಇಷ್ಟರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಆರಿಸುವುದು ಬೇರೆಯೇ. ಅದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾದಿನಿಯರಿಗೆ ಅವರ ಅಮ್ಮನ ಅಡುಗೆ ಬರೆದುಕೊಡಿ. ಒಂದು ನೋಟ್ ಪುಸ್ತಕ ತೆಗೆದುಕೊಂಡು ದಿನಾ ಸಂಜೆ ಅತ್ತೆಯ ಪಕ್ಕ ಕೂತು ಒಂದೊಂದು ಅಡುಗೆ ಕೇಳಿ ಬರೆಯಿರಿ. ಆರು ವಾರಕ್ಕೆ ಮೂವತ್ತು ಅಡುಗೆ ಆರಾಮವಾಗಿ ಆಗುತ್ತದೆ. ಎಳೆ ಬಿದಿರಿನ ಕಣಿಲೆ ಎಷ್ಟು ದಿನ ನೆನೆಸುವುದು, ಕೆಸುವಿನೆಲೆ ತುರಿಸದ ಹಾಗೆ ಹೇಗೆ ಬೇಯಿಸುವುದು, ಇವೆಲ್ಲ ಅವರ ತಲೆಯಲ್ಲಿ ಮಾತ್ರ ಇರುವುದು.

ಕಷ್ಟ ಬರುವುದು ಅಳತೆಯಲ್ಲಿ. "ಒಂದು ಹಿಡಿ ಹಾಕು" ಅನ್ನುತ್ತಾರೆ. ಯಾರ ಹಿಡಿ? ಅತ್ತೆಯ ಕೈಯಲ್ಲೇ ಅಕ್ಕಿತರಿ ಹಿಡಿಸಿ, ಅದನ್ನು ಹಾಗೇ ತಕ್ಕಡಿಗೆ ಸುರಿಸಿ. ನಮ್ಮ ಮನೆಯಲ್ಲಿ ಹೀಗೆ ತೂಗಿದಾಗ ನನ್ನ ಹಿಡಿ 52 ಗ್ರಾಂ, ನನ್ನ ಅತ್ತೆಯದು 38 ಗ್ರಾಂ. ಅವರು ಹೇಳಿದ ಹಾಗೇ ಮಾಡಿಯೂ ಅಕ್ಕಿತರಿಯ ಉಂಡೆ, ನನ್ನ ಕಡಂಬುಟ್ಟು, ಯಾಕೆ ಗಟ್ಟಿಯಾಗುತ್ತಿತ್ತು ಅಂತ ಒಂಬತ್ತು ವರ್ಷದ ಮೇಲೆ ಗೊತ್ತಾಯಿತು. "ಸ್ವಲ್ಪ ನೀರು" ಅಂದಾಗಲೂ ಅವರು ಬಗ್ಗಿಸುವ ಮೊದಲು ಚೊಂಬಿನ ನೀರು ಅಳೆದಿಡಿ, ಆಮೇಲೆ ಉಳಿದದ್ದು ಅಳೆಯಿರಿ. ಅವರು ಹೇಳುವ ಮಾತನ್ನು ಹಾಗೇ ಬರೆಯಿರಿ, ತಿದ್ದಬೇಡಿ. ಬೈಗುಳ ಇದ್ದರೆ ಅದೂ ಇರಲಿ.

ಆಮೇಲೆ ಎರಡು ಜೆರಾಕ್ಸ್ ತೆಗೆಸಿ ದಪ್ಪ ರಟ್ಟು ಇಟ್ಟು ದಬ್ಬಣದಲ್ಲಿ ಮೂರು ತೂತು ಹಾಕಿ ದಾರದಲ್ಲಿ ಹೊಲಿಯಿರಿ. ಇಷ್ಟು ಹೊಲಿಗೆ ನಿಮಗೆ ಬಂದೇ ಬರುತ್ತದೆ. ಮೂಲ ಪುಸ್ತಕ ಅತ್ತೆಯ ಕೈಗೆ ಕೊಡಿ. ಅದು ಅವರ ಉಡುಗೊರೆ. ಕೊನೆಗೆ ಹತ್ತು ಖಾಲಿ ಹಾಳೆ ಬಿಡಿ, ಹಬ್ಬಕ್ಕೆ ಎಲ್ಲರೂ ಸೇರಿದಾಗ "ಅದು ಹಾಗಲ್ಲ, ಅಮ್ಮ ಹೀಗೆ ಮಾಡ್ತಿದ್ದಿದ್ದು" ಅಂತ ಜಗಳ ಶುರುವಾಗುತ್ತದೆ. ಅದನ್ನು ಬರೆದುಕೊಳ್ಳಲು ಜಾಗ ಬೇಕಲ್ಲ.

ಮುಂದಿನ ವರ್ಷಕ್ಕೆ ಈಗಲೇ ಒಂದು ಯೋಚನೆ ಇಟ್ಟುಕೊಳ್ಳಿ. ಬೆಂಗಳೂರಿನ ಬಾಲ್ಕನಿಗೆ ಕುಂಡದಲ್ಲಿ ಪೊದೆ ಮೆಣಸು. ಬಳ್ಳಿಯ ಬುಡದಿಂದ ಹರಿದು ಹೋಗುವ ಹಂಬು ನೆಟ್ಟರೆ ಅದು ಮತ್ತೆ ಮರ ಹತ್ತುವ ಬಳ್ಳಿಯೇ ಆಗುತ್ತದೆ. ಗೆರೆ (ಕಾಳಿನ ಗೊಂಚಲು) ಬಿಡುವ ಅಡ್ಡ ರೆಂಬೆಯ ಮೂರು ನಾಲ್ಕು ಗಿಣ್ಣಿನ ತುಂಡು ನೆಟ್ಟರೆ ಹತ್ತಲು ಹೋಗದೆ ಪೊದೆಯಾಗಿ ಕೂತು ಅಲ್ಲೇ ಕಾಳು ಬಿಡುತ್ತದೆ. ಬೇರು ಬರುವುದು ಸ್ವಲ್ಪ ತಡ, ಎಲ್ಲವೂ ಬದುಕುವುದಿಲ್ಲ. ನಾಲ್ಕು ಬೇಕಾದರೆ ಹನ್ನೆರಡು ನೆಡಿ. ಜೂನ್ ಮಳೆಗೆ ನೆಟ್ಟರೆ ಹುತ್ತರಿ ಹೊತ್ತಿಗೆ ಕೊಡುವ ಹಾಗಿರುತ್ತದೆ. ಕುಂಡ ಅಂತ ಖರ್ಚು ಬೇಡ, ಹಳೆ ಪೇಂಟ್ ಡಬ್ಬಿಗೆ ತೂತು ಹಾಕಿ. ಗಿಡ ಕೊಡುವ ಉಮೇದಿನಲ್ಲಿ ಕಾಡಿನ ಆರ್ಕಿಡ್ ಮಾತ್ರ ಕಿತ್ತು ತರಬೇಡಿ. ಬಾಲ್ಕನಿಯಲ್ಲಿ ಅದು ಬದುಕುವುದಿಲ್ಲ, ಕಾಡಿನಲ್ಲಿ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

ಈ ಸಲದ ಕೆಲಸ ಹೀಗೆ ಹೊಂದಿಸಿಕೊಳ್ಳಿ. ಮುಲಾಮು ಈ ವಾರ. ಬರೆಯುವುದು ದಿನಾ ಸಂಜೆ ಅರ್ಧ ಗಂಟೆ. ನಿಮ್ಮದು ಅರೇಬಿಕಾ ಆದರೆ ಹಬ್ಬದ ಹೊತ್ತಿಗೆ ಹಣ್ಣು ಕೊಯ್ಲು ಶುರುವಾಗಿರುತ್ತದೆ, ಕೈಗೆ ಬಿಡುವು ಸಿಗುವುದಿಲ್ಲ. ಆದ್ದರಿಂದ ಬಾಟಲಿ, ಚೀಟಿ, ಬಾಳೆನಾರು ಎಲ್ಲ ಮೊದಲೇ ಸಿದ್ಧ ಇರಲಿ, ಕೊನೆಗೆ ಮಸಾಲೆ ಹುರಿದು ತುಂಬುವುದೊಂದೇ ಉಳಿಯಲಿ. ಬಾಟಲಿ, ಡಬ್ಬಿ, ಹಾಳೆ ಎಲ್ಲ ಸೇರಿ 500 ರೂಪಾಯಿ ದಾಟಬಾರದು ಅಂತ ಚೀಟಿ ಬರೆದುಕೊಂಡು ಸಂತೆಗೆ ಹೋಗಿ. ರಿಬ್ಬನ್ನಿನ ಅಂಗಡಿ ಮುಂದೆ ನಿಲ್ಲಬೇಡಿ.

ಗೆಳತಿಯರಲ್ಲಿ ಯಾರಾದರೂ ಬರಲಾಗದೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಬೇಕಾಗಿ ಬಂದರೆ ಕಾಚಂಪುಳಿಯ ಮೇಲೆ ಕಣ್ಣಿಡಿ. ಒಮ್ಮೆ ಸೋರಿದರೆ ಅದರ ಕಲೆ ಯಾವ ಬಟ್ಟೆಯಿಂದಲೂ ಹೋಗುವುದಿಲ್ಲ. ಮುಚ್ಚಳ ಬಿಗಿ ಮಾಡಿ, ಮುಲಾಮಿನ ಕೆಲಸದಲ್ಲಿ ಉಳಿದ ಚೂರು ಮೇಣ ಕರಗಿಸಿ ಮುಚ್ಚಳದ ಸುತ್ತ ಹಚ್ಚಿ. ಬಾಟಲಿಯನ್ನು ತಲೆಕೆಳಗು ಮಾಡಿ ಒಂದು ರಾತ್ರಿ ಪೇಪರಿನ ಮೇಲೆ ನಿಲ್ಲಿಸಿ. ಬೆಳಗ್ಗೆ ಪೇಪರ್ ಒಣಗಿದ್ದರೆ ಕಳಿಸಿ.